ತೀರ್ಪಿನ ಮುನ್ನಾದಿನ ಬಾನಿನಲ್ಲಿ ನಡೆದ ಕೆಲಸ

2007ರ ಫೆಬ್ರುವರಿ 4, ಭಾನುವಾರ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಅಂದು ಎಲ್ಲರ ಬಾಯಲ್ಲೂ ಒಂದೇ ಮಾತು: ನಾಳೆ ಕಾವೇರಿ ತೀರ್ಪು. 1990ರ ಜೂನ್ 2ರಂದು ರಚನೆಯಾಗಿದ್ದ ಕಾವೇರಿ ಜಲವಿವಾದ ನ್ಯಾಯಮಂಡಳಿ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ವಾದ-ಪ್ರತಿವಾದ ಕೇಳಿ, ಸೋಮವಾರ ದೆಹಲಿಯಲ್ಲಿ ಅಂತಿಮ ತೀರ್ಪು ಓದಲಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿ ಭತ್ತ, ಕಬ್ಬು ಬೆಳೆಯುವ ಜಿಲ್ಲೆಗೆ ಆ ರಾತ್ರಿ ದೀರ್ಘವಾಗಿತ್ತು.

ಅದೇ ಸಂಜೆ, ನಮ್ಮ ಗಡಿಯಾರದಲ್ಲಿ ಏಳು ದಾಟುತ್ತಿದ್ದ ಹೊತ್ತಿಗೆ, ನೆಲದಿಂದ ಮುನ್ನೂರು ಕಿಲೋಮೀಟರಿಗೂ ಮೇಲೆ ಒಂದು ಬಾಗಿಲು ತೆರೆಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ‘ಕ್ವೆಸ್ಟ್’ ಎಂಬ ಏರ್‌ಲಾಕ್ ಕೋಣೆಯಿಂದ ಮೈಕೆಲ್ ಲೋಪೆಜ್-ಅಲೆಗ್ರಿಯಾ ಮತ್ತು ಸುನೀತಾ ವಿಲಿಯಮ್ಸ್ ಹೊರಬಂದರು. ನಿಲ್ದಾಣವನ್ನು ತಂಪಾಗಿಡುವ ಅಮೋನಿಯಾ ಕೊಳವೆಗಳನ್ನು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಸೇರಿಸುವುದು ಅವರ ಕೆಲಸ. ಅದು ಮುಗಿಯಲು 7 ಗಂಟೆ 11 ನಿಮಿಷ ಹಿಡಿಯಿತು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡಾಗ ಮಂಡ್ಯದಲ್ಲಿ ಮಧ್ಯರಾತ್ರಿ ಎರಡು ಗಂಟೆ ಮೀರಿತ್ತು. ಅಷ್ಟು ಹೊತ್ತೂ ನಡೆದದ್ದನ್ನು ನಾಸಾ ಟಿವಿ ನೇರ ಪ್ರಸಾರದಲ್ಲಿ ತೋರಿಸಿತು. ಇಂಟರ್‌ನೆಟ್ ಇದ್ದ ಯಾರೇ ಆದರೂ, ಮದ್ದೂರಿನಲ್ಲಿ ಕೂತೂ, ನೋಡಬಹುದಿತ್ತು.

ಎರಡೂ ಬೇರೆ ಬೇರೆ ಲೋಕದ ಸಂಗತಿಗಳು. ಆದರೂ ಆ ವಾರದ ಚರಿತ್ರೆಯನ್ನು ಒಟ್ಟಿಗಿಟ್ಟು ನೋಡಿದರೆ, ಸಾರ್ವಜನಿಕವಾದ ದೊಡ್ಡ ಕೆಲಸವೊಂದನ್ನು ಜನರ ಕಣ್ಣೆದುರು ಮಾಡುವುದಕ್ಕೂ ಅದರ ಫಲಿತಾಂಶವನ್ನಷ್ಟೇ ಜನರಿಗೆ ತಿಳಿಸುವುದಕ್ಕೂ ಇರುವ ಅಂತರ ಕಾಣುತ್ತದೆ. ಭಾರತ ತನ್ನದೇ ನಿಲ್ದಾಣ ಕಟ್ಟಲು ಹೊರಟಿರುವ ಈ ಹೊತ್ತಿನಲ್ಲಿ ಆ ಚರಿತ್ರೆಯನ್ನು ನಾವು ಸರಿಯಾಗಿ ತಿಳಿಯಬೇಕು.

ಅರ್ಧಕ್ಕೆ ನಿಂತಿದ್ದ ಮನೆ

ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗ, ರಷ್ಯಾದ ‘ಜಾರ್ಯಾ’, ಕಕ್ಷೆಗೆ ಏರಿದ್ದು 1998ರ ನವೆಂಬರ್ 20ರಂದು. ಮರು ತಿಂಗಳೇ ಅಮೆರಿಕದ ‘ಯೂನಿಟಿ’ ಅದಕ್ಕೆ ಕೂಡಿಕೊಂಡಿತು. ಅಮೆರಿಕ, ರಷ್ಯಾ, ಯುರೋಪ್, ಜಪಾನ್, ಕೆನಡಾ ಹೀಗೆ ಹದಿನೈದು ದೇಶಗಳು ಪಾಲುದಾರರು. ಇಡೀ ನಿಲ್ದಾಣವನ್ನು ಒಂದೇ ಏಟಿಗೆ ಹಾರಿಸಬಲ್ಲ ರಾಕೆಟ್ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ತುಂಡು ತುಂಡಾಗಿ ಮೇಲೆ ಒಯ್ದು, ಅಲ್ಲೇ ಜೋಡಿಸಿ, ತಂತಿ ಎಳೆದು, ಕೊಳವೆ ಕೂಡಿಸಿ ಕಟ್ಟಬೇಕಿತ್ತು. ಬಹುಪಾಲು ತುಂಡುಗಳನ್ನು ಹೊತ್ತದ್ದು ಅಮೆರಿಕದ ಬಾಹ್ಯಾಕಾಶ ಷಟಲ್. ಕೊನೆಯ ಬಿಗಿತ ಮಾತ್ರ ಮನುಷ್ಯರ ಕೈಗೆ ಬಿಟ್ಟದ್ದು.

2003ರ ಫೆಬ್ರುವರಿ 1ರಂದು ಕೊಲಂಬಿಯಾ ಷಟಲ್ ಭೂಮಿಗೆ ಮರಳುವಾಗ ಒಡೆದು ಏಳು ಮಂದಿ ತೀರಿಕೊಂಡರು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರಲ್ಲೊಬ್ಬರು. ಆ ದುಃಖ ಕರ್ನಾಟಕವನ್ನೂ ಮುಟ್ಟಿತ್ತು. ನಾಲ್ಕು ದಿನಗಳಲ್ಲೇ ಭಾರತದ ಹವಾಮಾನ ಉಪಗ್ರಹ ‘ಮೆಟ್‌ಸ್ಯಾಟ್’ಗೆ ‘ಕಲ್ಪನಾ-1’ ಎಂದು ಮರುನಾಮಕರಣವಾಯಿತು. ಅದನ್ನು ನೋಡಿಕೊಳ್ಳುತ್ತಿದ್ದುದು ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಮರುವರ್ಷ ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಮಹಿಳೆಯರಿಗಾಗಿ ಅವರ ಹೆಸರಿನ ಪ್ರಶಸ್ತಿಯನ್ನೇ ಆರಂಭಿಸಿತು.

ಕೊಲಂಬಿಯಾ ದುರಂತದಿಂದ ನಿಲ್ದಾಣದ ಕಟ್ಟಡ ಕೆಲಸ ಮೂರೂವರೆ ವರ್ಷ ನಿಂತುಹೋಯಿತು. ಮತ್ತೆ ಶುರುವಾದದ್ದು 2006ರ ಸೆಪ್ಟೆಂಬರ್‌ನಲ್ಲಿ, ಹೊಸದೊಂದು ಜೋಡಿ ಸೌರಫಲಕಗಳನ್ನು ಹೊತ್ತ ತೊಲೆ ಮೇಲೆ ಹೋದಾಗ. ಫಲಕಗಳು ಬಿಚ್ಚಿಕೊಂಡವು. ಆದರೆ ಅವುಗಳ ವಿದ್ಯುತ್ತು ನಿಲ್ದಾಣದೊಳಗೆ ಹರಿಯಲು ದಾರಿಯಿರಲಿಲ್ಲ. ನಿಲ್ದಾಣ ಇನ್ನೂ 2000ದ ಡಿಸೆಂಬರ್‌ನಲ್ಲಿ ತಾತ್ಕಾಲಿಕವಾಗಿ ಕೂರಿಸಿದ್ದ ‘ಪಿ6’ ಎಂಬ ಹಳೆಯ ಫಲಕಗಳ ಮೇಲೇ ಬದುಕುತ್ತಿತ್ತು. ಒಳಗೆ ಜನ ವಾಸವಿರುವಾಗಲೇ ಇಡೀ ಮನೆಯ ವಿದ್ಯುತ್ ದಾರಿ ಬದಲಾಯಿಸಬೇಕಿತ್ತು. ಆ ಕೆಲಸ ಹೊತ್ತು 2006ರ ಡಿಸೆಂಬರ್ 9ರ ರಾತ್ರಿ ಫ್ಲಾರಿಡಾದಿಂದ ಡಿಸ್ಕವರಿ ಷಟಲ್ ಏರಿತು. ನಾಯಕ ಮಾರ್ಕ್ ಪೊಲನ್‌ಸ್ಕಿ. ತಂಡದಲ್ಲಿದ್ದ ಸುನೀತಾ ವಿಲಿಯಮ್ಸ್‌ಗೆ ಅದು ಮೊದಲ ಯಾನ. ಗುಜರಾತ್ ಮೂಲದ ವೈದ್ಯ ದೀಪಕ್ ಪಾಂಡ್ಯ ಅವರ ಮಗಳು, ಹುಟ್ಟಿದ್ದು ಒಹಾಯೊದಲ್ಲಿ. ಉಳಿದವರೆಲ್ಲ ಹಿಂತಿರುಗಿದ ಮೇಲೂ ನಿಲ್ದಾಣದಲ್ಲೇ ಉಳಿಯಬೇಕಾದವರು ಅವರು.

ಮಡಚಲೊಲ್ಲದ ಫಲಕ

ಡಿಸೆಂಬರ್ 12ರಂದು ರಾಬರ್ಟ್ ಕರ್ಬೀಮ್ ಮತ್ತು ಸ್ವೀಡನ್ನಿನ ಮೊದಲ ಗಗನಯಾತ್ರಿ ಕ್ರಿಸ್ಟರ್ ಫುಗ್ಲೆಸಾಂಗ್ ಹೊರಹೋಗಿ ತೊಲೆಯ ಹೊಸ ತುಂಡನ್ನು ಕೂರಿಸಿದರು. ಮರುದಿನ ತೊಡಕು ಬಂತು. ಹೊಸ ಫಲಕಗಳು ಸೂರ್ಯನತ್ತ ತಿರುಗಲು ಜಾಗ ಬೇಕಾದರೆ ಹಳೆಯ ಪಿ6ರ ಒಂದು ರೆಕ್ಕೆಯನ್ನು ಮಡಚಬೇಕು. ಒಂದೊಂದು ರೆಕ್ಕೆ ಸುಮಾರು 35 ಮೀಟರ್ ಉದ್ದ, 12 ಮೀಟರ್ ಅಗಲ. ಆರು ವರ್ಷ ಹರಡಿಕೊಂಡೇ ಇದ್ದ ಆ ತೆಳು ಹಾಳೆ ತನ್ನ ಹಳೆಯ ಮಡಿಕೆಗಳನ್ನು ಮರೆತಿತ್ತು. ಅದನ್ನು ಸಾಲಾಗಿ ಒಳಗೆಳೆಯುವ ತಂತಿಗಳು ತೂತುಗಳ ಅಂಚಿಗೆ ಸಿಕ್ಕಿಕೊಳ್ಳುತ್ತಿದ್ದವು. ಹತ್ತಾರು ಬಾರಿ ಆದೇಶ ಕೊಟ್ಟು, ಎಳೆದು, ಬಿಟ್ಟು, ಮತ್ತೆ ಎಳೆದರೂ ರೆಕ್ಕೆ ಅರ್ಧದ ಆಸುಪಾಸಿನಲ್ಲೇ ನಿಂತಿತು. ಹೊಸ ಫಲಕ ತಿರುಗಲು ಅಷ್ಟು ಜಾಗ ಸಾಕಾಯಿತು. ಆದರೆ ಹಳೆಯದನ್ನು ಪೂರ್ತಿ ಮಡಚದೆ ಮುಂದಿನ ಯಾನಗಳಲ್ಲಿ ಬೇರೆಡೆಗೆ ಒಯ್ಯುವಂತಿರಲಿಲ್ಲ.

ಹ್ಯೂಸ್ಟನ್‌ನ ಎಂಜಿನಿಯರುಗಳು ತಲೆಗೆ ಹೊಳೆದದ್ದನ್ನೆಲ್ಲ ಪ್ರಯತ್ನಿಸಿದರು. ನಿಲ್ದಾಣದಲ್ಲಿದ್ದ ಜರ್ಮನ್ ಗಗನಯಾತ್ರಿ ಥಾಮಸ್ ರೈಟರ್‌ಗೆ, ವ್ಯಾಯಾಮದ ಯಂತ್ರದ ಮೇಲೆ ಜೋರಾಗಿ ಕಸರತ್ತು ಮಾಡಿ, ಆ ಅಲುಗಾಟಕ್ಕೆ ತಂತಿ ಸಡಿಲವಾದೀತೇ ನೋಡೋಣ ಎಂದರು. ರೈಟರ್ ಮಾಡಿದರು. ಫಲಕ ಅಲುಗಿತು, ತಂತಿ ಬಿಡಲಿಲ್ಲ. ಜಗತ್ತಿನ ಅತಿ ದುಬಾರಿ ಕಟ್ಟಡವೊಂದು ಸಿಕ್ಕು ಬಿದ್ದ ಒಂದು ತಂತಿಗೆ ತಡೆದು ನಿಂತಿತ್ತು. ಅದನ್ನೆಲ್ಲ ಮುಚ್ಚಿಡದೆ ಲೋಕಕ್ಕೆ ತೋರಿಸುತ್ತಲೇ ಇದ್ದರು.

ಈ ನಡುವೆ ಮುಖ್ಯ ಕೆಲಸ ನಿಲ್ಲಲಿಲ್ಲ. ಡಿಸೆಂಬರ್ 14ರಂದು ಕರ್ಬೀಮ್ ಮತ್ತು ಫುಗ್ಲೆಸಾಂಗ್ ನಿಲ್ದಾಣದ ಅರ್ಧ ಭಾಗದ ವಿದ್ಯುತ್ ಆರಿಸಿ, ಕೇಬಲ್ಲುಗಳನ್ನು ಹೊಸ ದಾರಿಗೆ ಸೇರಿಸಿದರು. ವಿದ್ಯುತ್ ಮತ್ತೆ ಬಂತು. ಉಳಿದರ್ಧದ ಸರದಿ ಬಂದಾಗ ಭಾರತದಲ್ಲಿ ಡಿಸೆಂಬರ್ 17ರ ನಸುಕು, ಮಧ್ಯರಾತ್ರಿ ಕಳೆದು ಒಂದು ಗಂಟೆಯ ಹೊತ್ತು. ಈ ಸಲ ಕರ್ಬೀಮ್ ಜೊತೆ ಹೊರಬಂದವರು ಸುನೀತಾ. ಅದು ಅವರ ಬದುಕಿನ ಮೊದಲ ಬಾಹ್ಯಾಕಾಶ ನಡಿಗೆ. ಕೇಬಲ್ ಕೆಲಸ ಮುಗಿದ ಮೇಲೆ ಇಬ್ಬರೂ ಹಟಮಾರಿ ಫಲಕದ ಬುಡಕ್ಕೆ ಹೋದರು. ಫಲಕ ಕೂರುವ ಪೆಟ್ಟಿಗೆಯನ್ನು ಕೈಯಿಂದ ಹಿಡಿದು ಅಲ್ಲಾಡಿಸಿದರು. ಒಳಗಿನವರು ಆದೇಶ ಕೊಟ್ಟು ಎಳೆದರು. ಹೀಗೆ ಅಲ್ಲಾಡಿಸುತ್ತ, ಎಳೆಯುತ್ತ ಇನ್ನಷ್ಟು ಮಡಿಕೆಗಳು ಒಳಸೇರಿದವು. ಇದರ ನಡುವೆ ಸುನೀತಾ ಅವರ ಕ್ಯಾಮೆರಾ ಕಳಚಿ ತೇಲಿಹೋಯಿತು. ಅದನ್ನೂ ನೋಡುಗರು ಕಂಡರು. 7 ಗಂಟೆ 31 ನಿಮಿಷದ ಆ ನಡಿಗೆ ಮುಗಿದಾಗ ಮಂಡ್ಯದಲ್ಲಿ ಭಾನುವಾರದ ಬೆಳಗು, ಎಂಟು ಗಂಟೆ ದಾಟಿತ್ತು.

ಕೆಲಸ ಪೂರ್ತಿ ಮುಗಿಸಲು ಯೋಜನೆಯಲ್ಲಿರದ ನಾಲ್ಕನೇ ನಡಿಗೆಯನ್ನು ಡಿಸೆಂಬರ್ 18ಕ್ಕೆ ಇಟ್ಟುಕೊಂಡರು. ಕರ್ಬೀಮ್ ಯಂತ್ರಬಾಹುವಿನ ತುದಿಯಲ್ಲಿ ನಿಂತು, ವಿದ್ಯುತ್ ತಗುಲದಂತೆ ಟೇಪು ಸುತ್ತಿದ ಉಪಕರಣಗಳಿಂದ ಒಂದೊಂದೇ ತಂತಿಯನ್ನು ಬಿಡಿಸಿದರು. ಫುಗ್ಲೆಸಾಂಗ್ ಕೆಳಗಿನಿಂದ ನೂಕಿದರು. ಆರೂವರೆ ಗಂಟೆಯ ನಂತರ ರೆಕ್ಕೆ ಪೆಟ್ಟಿಗೆಯೊಳಗೆ ಕೂತಿತು. ಒಂದೇ ಷಟಲ್ ಯಾನದಲ್ಲಿ ನಾಲ್ಕು ಸಲ ಹೊರಗೆ ಹೋದ ಮೊದಲಿಗ ಕರ್ಬೀಮ್ ಆದರು.

ದೂರದಿಂದ ಬರುವ ವಿದ್ಯುತ್ತಿನ ಬೆಲೆಯನ್ನು ಈ ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಶುರುವಾದಾಗ, ಅಲ್ಲಿನ ವಿದ್ಯುತ್ತನ್ನು ಸುಮಾರು 150 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಒಯ್ದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಆ ಯೋಜನೆಗೆ ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದವು. ಆಗಲೂ ಕೊನೆಗೆ ಕೆಲಸ ನಿಂತದ್ದು ಕಂಬ ಏರಿ ತಂತಿ ಬಿಗಿದವರ ಮೇಲೆ.

ಹೊರಗೆ ಕಾಲಿಡುವ ಮುನ್ನ

ನಡಿಗೆ ಎಂಬ ಹೆಸರಿದ್ದರೂ ಅಲ್ಲಿ ಕಾಲಿಗೆ ಕೆಲಸ ಕಡಿಮೆ. ನಿಲ್ದಾಣದ ಮೈಗೆ ಹೊಂದಿಸಿದ ಹಿಡಿಗಳನ್ನು ಒಂದರ ನಂತರ ಒಂದು ಹಿಡಿಯುತ್ತ ಕೈಗಳಿಂದ ಸಾಗಬೇಕು. ಪೋಷಾಕಿನೊಳಗಿನ ಒತ್ತಡ ನಮ್ಮ ವಾತಾವರಣದ ಮೂರನೇ ಒಂದು ಭಾಗದಷ್ಟು. ಅಷ್ಟಕ್ಕೇ ಕೈಗವಸು ಗಟ್ಟಿಯಾಗಿ ಉಬ್ಬಿ, ಬೆರಳು ಮಡಚಿದಾಗಲೆಲ್ಲ ಎದುರೊತ್ತುತ್ತದೆ. ಏಳು ಗಂಟೆ ಹೀಗೆ ಹಿಡಿದು ಬಿಡಿಸಿದರೆ ಬೆರಳು, ಮುಂಗೈ ಸೋತುಹೋಗುತ್ತವೆ.

ಕಡಿಮೆ ಒತ್ತಡಕ್ಕೆ ದಿಢೀರನೆ ಇಳಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಜೀವಕ್ಕೆ ಅಪಾಯ. ಅದಕ್ಕೆಂದು 2006ರ ಸೆಪ್ಟೆಂಬರ್ ಯಾನದಿಂದ ಹೊಸ ಪದ್ಧತಿ ಬಂದಿತ್ತು. ಹೊರಹೋಗುವ ಇಬ್ಬರೂ ಹಿಂದಿನ ರಾತ್ರಿಯೇ ಏರ್‌ಲಾಕ್ ಸೇರಿ, ಅದರ ಒತ್ತಡ ಇಳಿಸಿ, ಅಲ್ಲೇ ಮಲಗುವುದು. ಬೆಳಗ್ಗೆ ಶುದ್ಧ ಆಮ್ಲಜನಕ ಉಸಿರಾಡಿ, ಮೈಗೆ ಅಂಟಿಕೊಳ್ಳುವ ಒಳಉಡುಪು ತೊಡುವುದು. ಅದರಲ್ಲಿ ಸುಮಾರು 90 ಮೀಟರ್ ಉದ್ದದ ಸಣ್ಣ ನಳಿಕೆಗಳಲ್ಲಿ ನೀರು ಹರಿದು ದೇಹದ ಬಿಸಿಯನ್ನು ಒಯ್ಯುತ್ತದೆ. ಹೊರಗೆ ಬಿಸಿಲಿಗೆ ಬಿದ್ದ ಲೋಹ ನೂರು ಡಿಗ್ರಿ ಮೀರಿ ಕಾಯುತ್ತದೆ, ನೆರಳಿನಲ್ಲಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಗಂಟೆಗೆ 27,000 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವುದರಿಂದ, ಏಳು ಗಂಟೆಯ ಕೆಲಸದಲ್ಲಿ ನಾಲ್ಕೈದು ಸಲ ಹಗಲು-ರಾತ್ರಿ ಬದಲಾಗುತ್ತದೆ.

ಸೊಂಟದ ಹಗ್ಗ ಕಳಚಿದರೆ ಮರಳಲು ಬೆನ್ನಿಗೆ ಸಣ್ಣದೊಂದು ಅನಿಲ ಜೆಟ್ ಕಟ್ಟಿರುತ್ತಾರೆ. ಅದನ್ನು ನಂಬಿ ಯಾರೂ ಮೈಮರೆಯುವುದಿಲ್ಲ. ಹಗ್ಗದ ಕೊಕ್ಕೆ ಹಾಕಿದ್ದು, ಬೀಗ ಬಿದ್ದದ್ದು, ಎಳೆದು ನೋಡಿದ್ದು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಒಳಗಿರುವ ಇನ್ನೊಬ್ಬರು ಮುಂದಿನ ಹೆಜ್ಜೆ ಓದಿ ಹೇಳುತ್ತಾರೆ. ಹೊರಗಿರುವವರು ಅದನ್ನು ಮರುನುಡಿದು ಮಾಡುತ್ತಾರೆ. ಈ ಎಲ್ಲವನ್ನೂ ಮೊದಲೇ ಹ್ಯೂಸ್ಟನ್‌ನಲ್ಲಿ ಎರಡು ಕೋಟಿ ಮೂವತ್ತು ಲಕ್ಷ ಲೀಟರ್ ನೀರಿನ ಕೊಳದೊಳಗೆ, ನಿಲ್ದಾಣದ ಭಾಗಗಳ ಪೂರ್ಣ ಗಾತ್ರದ ಪ್ರತಿಕೃತಿಗಳ ಮೇಲೆ ಅಭ್ಯಾಸ ಮಾಡಿರುತ್ತಾರೆ.

ನೇರ ಪ್ರಸಾರ ನೋಡುವವರಿಗೆ ಮೊದಲ ಒಂದು ಗಂಟೆ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಆಮೇಲೆ ಲಯ ಹತ್ತುತ್ತದೆ. ಒಂದು ಬೋಲ್ಟಿಗೆ ಎಷ್ಟು ಸುತ್ತು ಎಂಬ ಎಣಿಕೆ, ತಡವಾದಾಗ ನೆಲದವರ ಸಮಾಧಾನದ ದನಿ, ಒಬ್ಬರಿಗೆ ಎಟುಕದ್ದನ್ನು ಇನ್ನೊಬ್ಬರು ಬಂದು ಹಿಡಿಯುವುದು. ಸಾಹಸವೆಂದು ನೋಡಲು ಕೂತವರಿಗೆ ಅಲ್ಲಿ ಕಾಣುವುದು ಶಿಸ್ತಿನ ದುಡಿಮೆ. ನನಗೆ ಆ ಪ್ರಸಾರಗಳ ಮೇಲೆ ಗೌರವ ಹುಟ್ಟಿದ್ದೇ ಅದಕ್ಕಾಗಿ.

ಒಂಬತ್ತು ದಿನ, ಮೂರು ನಡಿಗೆ, ಒಂದು ತೀರ್ಪು

ಡಿಸ್ಕವರಿ ಡಿಸೆಂಬರ್ 22ರಂದು ಭೂಮಿಗೆ ಮರಳಿತು. ನಿಲ್ದಾಣದಲ್ಲಿ ನಾಯಕ ಲೋಪೆಜ್-ಅಲೆಗ್ರಿಯಾ, ರಷ್ಯಾದ ಮಿಖಾಯಿಲ್ ತ್ಯೂರಿನ್ ಮತ್ತು ಸುನೀತಾ ಉಳಿದರು. ವಿದ್ಯುತ್ತಿನ ದಾರಿ ಬದಲಾಗಿತ್ತು, ಈಗ ತಂಪಿನ ಸರದಿ. ಯಂತ್ರಗಳು ಉಗುಳುವ ಬಿಸಿಯನ್ನು ಹೊರಗೆ ಚೆಲ್ಲದಿದ್ದರೆ ನಿಲ್ದಾಣ ಉಳಿಯದು. ಒಳಗೆ ನೀರು ಆ ಬಿಸಿಯನ್ನು ಹೊತ್ತು ತರುತ್ತದೆ. ಗೋಡೆಯಾಚೆಗಿನ ಅಮೋನಿಯಾ ಅದನ್ನು ಪಡೆದು ರೇಡಿಯೇಟರ್ ಹಲಗೆಗಳಿಗೆ ಒಯ್ದು ಶೂನ್ಯಕ್ಕೆ ಬಿಡುತ್ತದೆ. ಅಲ್ಲಿಯವರೆಗೆ ಈ ಹರಿವು ಆರಂಭದ ಪುಟ್ಟ ತಾತ್ಕಾಲಿಕ ವ್ಯವಸ್ಥೆಯಲ್ಲಿ ನಡೆದಿತ್ತು. ಅದನ್ನೀಗ ದೊಡ್ಡದಾದ ಎರಡು ಶಾಶ್ವತ ಸುತ್ತುಗಳಿಗೆ ತಿರುಗಿಸಬೇಕಿತ್ತು.

ನಮ್ಮ ನಾಲೆ ಬಯಲಿನ ನೀರುಗಂಟಿ ಮಾಡುವ ಕೆಲಸದ ಬಗೆಯದೇ ಇದು. ಒಂದು ತೂಬು ಮುಚ್ಚಿ, ಇನ್ನೊಂದು ತೆರೆದು, ಎಲ್ಲೂ ಒಡೆಯದಂತೆ, ಯಾರ ಪಾಲೂ ಒಣಗದಂತೆ ಹರಿವನ್ನು ಹೊಸ ದಾರಿಗೆ ಬಿಡುವುದು. ಅಮೋನಿಯಾ ಸೋರಿದರೆ ಹೆಪ್ಪುಗಟ್ಟಿ ಪೋಷಾಕಿಗೆ ಅಂಟಿಕೊಳ್ಳುತ್ತದೆ. ಅದು ಒಳಗೆ ಬಂದರೆ ಉಸಿರಿಗೆ ವಿಷ. ಆದ್ದರಿಂದ ಪ್ರತಿ ಕೊಳವೆಯ ಬಾಯಿ ಬಿಚ್ಚುವಾಗಲೂ ಹತ್ತು ಸಲ ನೋಡಿ ಮುಂದಡಿ ಇಡಬೇಕಿತ್ತು.

ಜನವರಿ 31ರ ಬುಧವಾರ ರಾತ್ರಿ, ನಮ್ಮಲ್ಲಿ ಒಂಬತ್ತು ಗಂಟೆಯಾಗುತ್ತಿದ್ದಾಗ, ಮೊದಲ ಸುತ್ತಿನ ಕೆಲಸಕ್ಕೆ ಲೋಪೆಜ್-ಅಲೆಗ್ರಿಯಾ ಮತ್ತು ಸುನೀತಾ ಹೊರಬಂದರು. ಕೆಲಸ 7 ಗಂಟೆ 55 ನಿಮಿಷ ನಡೆಯಿತು. ಫೆಬ್ರುವರಿ 4ರ ಭಾನುವಾರ ಎರಡನೇ ಸುತ್ತು. ಅಂದು ಸುನೀತಾ, ಅತಿ ಹೆಚ್ಚು ಹೊತ್ತು ಬಾಹ್ಯಾಕಾಶದಲ್ಲಿ ನಡೆದ ಮಹಿಳೆ ಎಂಬ ಕ್ಯಾಥರಿನ್ ಥಾರ್ನ್‌ಟನ್ ಅವರ ದಾಖಲೆಯನ್ನು ದಾಟಿದರು.

ಬೆಳಗಾದರೆ ಸೋಮವಾರ, ಫೆಬ್ರುವರಿ 5. ನ್ಯಾಯಮೂರ್ತಿ ಎನ್.ಪಿ. ಸಿಂಗ್ ಅಧ್ಯಕ್ಷತೆಯ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಕಾವೇರಿ ಕೊಳ್ಳದ ಒಟ್ಟು ನೀರು 740 ಟಿಎಂಸಿ ಎಂದು ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಹಂಚಿತು. ಸಾಧಾರಣ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನ ಅಳತೆಯಂತೆ ಕರ್ನಾಟಕ ತಮಿಳುನಾಡಿಗೆ 192 ಟಿಎಂಸಿ ಬಿಡಬೇಕೆಂದಿತು. ಕರ್ನಾಟಕ ಕೇಳಿದ್ದು 465. ಮಂಡ್ಯ ಬೀದಿಗಿಳಿಯಿತು. ಜಿ. ಮಾದೇಗೌಡರ ಮುಂದಾಳತ್ವದ ಕಾವೇರಿ ಹಿತರಕ್ಷಣಾ ಸಮಿತಿ ಹೋರಾಟಕ್ಕೆ ಕರೆ ಕೊಟ್ಟಿತು. ಬೆಂಗಳೂರು-ಮೈಸೂರು ಹೆದ್ದಾರಿಯ ಊರುಗಳು ಕುದಿಯುತ್ತಿದ್ದವು.

ಫೆಬ್ರುವರಿ 8ರ ಗುರುವಾರ ಸಂಜೆ ಏಳರ ಹೊತ್ತಿಗೆ ಅದೇ ಇಬ್ಬರು ಮೂರನೇ ಸಲ ಹೊರಬಂದರು. ತೊಲೆಯ ಮೇಲೆ ಉಷ್ಣತೆ ಕಾಯಲು ಹೊದಿಸಿದ್ದ ದೊಡ್ಡ ಹೊದಿಕೆಗಳು ಈಗ ಬೇಕಿರಲಿಲ್ಲ. ಅವನ್ನು ಬಿಚ್ಚಿ, ನಿಲ್ದಾಣದ ಹಿಂಬದಿಗೆ ತಳ್ಳಿ ಬಿಟ್ಟರು. 6 ಗಂಟೆ 40 ನಿಮಿಷ. ಅಲ್ಲಿಗೆ ಸುನೀತಾ ಅವರ ನಾಲ್ಕು ನಡಿಗೆಗಳ ಒಟ್ಟು ಅವಧಿ 29 ಗಂಟೆ 17 ನಿಮಿಷವಾಯಿತು. ಅದಾಗಿ ನಾಲ್ಕನೇ ದಿನ, ಫೆಬ್ರುವರಿ 12ರಂದು, ಇಡೀ ಕರ್ನಾಟಕ ಬಂದ್ ಆಚರಿಸಿತು.

ಆ ವಾರ ಮಂಡ್ಯದ ಮನಸ್ಸು ನೀರಿನ ಮೇಲಿತ್ತು, ಇರಬೇಕಾದ್ದೂ ಅಲ್ಲೇ. ಆ ಸಿಟ್ಟಿನ ಒಂದು ಬೇರು ಅಂಕಿಯಲ್ಲಿದ್ದರೆ, ಇನ್ನೊಂದು ಆ ಅಂಕಿ ಬಂದ ಬಗೆಯಲ್ಲಿತ್ತು ಎಂಬುದು ನನ್ನ ನಂಬಿಕೆ. ಹದಿನಾರು ವರ್ಷಗಳ ವಿಚಾರಣೆ ವಕೀಲರಿಗೆ, ತಂತ್ರಜ್ಞರಿಗೆ ಗೊತ್ತಿತ್ತು. ಗದ್ದೆಯಲ್ಲಿದ್ದವನ ಕಿವಿಗೆ ಬಿದ್ದದ್ದು ಕೊನೆಯ ಮೊತ್ತ ಮಾತ್ರ. ತನ್ನ ಬದುಕನ್ನು ಅಳೆದ ಲೆಕ್ಕ ಹೇಗೆ ಕೂಡಿತು, ಎಲ್ಲಿ ಸಿಕ್ಕಿಕೊಂಡಿತು, ಯಾರು ಎಲ್ಲಿ ಸಡಿಲಿಸಿದರು ಎಂದು ಕಾಣದಿದ್ದರೆ ನಂಬಿಕೆ ಹುಟ್ಟುವುದು ಕಷ್ಟ. ಮುಂದೆ 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿ, ಬಿಡಬೇಕಾದ ನೀರನ್ನು 177.25 ಟಿಎಂಸಿಗೆ ಇಳಿಸಿತು.

ಬೆಂಗಳೂರಿನಲ್ಲಿ ಮೊಳೆತದ್ದು

ಅದೇ ಚಳಿಗಾಲದಲ್ಲಿ ಮಂಡ್ಯದಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇನ್ನೊಂದು ಕಥೆ ಶುರುವಾಗಿತ್ತು. 2006ರ ನವೆಂಬರ್ 7ರಂದು ಇಸ್ರೊ ಅಧ್ಯಕ್ಷ ಜಿ. ಮಾಧವನ್ ನಾಯರ್ ದೇಶದ ಹಿರಿಯ ವಿಜ್ಞಾನಿಗಳನ್ನು ಬೆಂಗಳೂರಿಗೆ ಕರೆಸಿ, ಭಾರತ ತಾನೇ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸಬೇಕೇ ಎಂದು ಕೇಳಿದರು. ಸಭೆ ಹೌದು ಎಂದಿತು. ಎರಡೇ ತಿಂಗಳಲ್ಲಿ, 2007ರ ಜನವರಿ 10ರಂದು, ಶ್ರೀಹರಿಕೋಟದಿಂದ 550 ಕಿಲೋ ತೂಕದ ಕೋಶವೊಂದು ಹಾರಿತು. ಹೋದದ್ದನ್ನು ಸುಡದೆ ಮರಳಿ ತರಬಲ್ಲೆವೇ ಎಂಬ ಪರೀಕ್ಷೆ ಅದು. ಹನ್ನೆರಡು ದಿನ ಸುತ್ತಿ ಜನವರಿ 22ರಂದು ಬಂಗಾಳಕೊಲ್ಲಿಗೆ ಇಳಿಯಿತು. ಅದನ್ನು ಕಕ್ಷೆಯಿಂದ ಇಳಿಸುವ ಆದೇಶಗಳು ಹೋದದ್ದು ಬೆಂಗಳೂರಿನ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಿಂದ. ಸುನೀತಾ ಆ ಹೊತ್ತಿಗೆ ನಿಲ್ದಾಣದಲ್ಲೇ ಇದ್ದರು, ಒಂಬತ್ತು ದಿನಗಳಲ್ಲಿ ಹೊರಬರಲಿದ್ದರು.

ಮರುವರ್ಷ ಬೆಂಗಳೂರು-ರಾಮನಗರ ನಡುವಿನ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಬೃಹತ್ ಆಂಟೆನಾ ಎದ್ದಿತು. ಚಂದ್ರಯಾನ-1ರ ದನಿ ಕೇಳಿದ್ದು ಅದರಿಂದಲೇ.

ಬಾಹ್ಯಾಕಾಶ ನಿಲ್ದಾಣದ ಕೆಲಸವೂ ಸಾಗಿತು. ಡಿಸೆಂಬರ್‌ನಲ್ಲಿ ಅಷ್ಟು ಕಾಡಿದ್ದ ಪಿ6 ತನ್ನ ಶಾಶ್ವತ ಜಾಗಕ್ಕೆ ಹೋದದ್ದು 2007ರ ಅಕ್ಟೋಬರ್ ಕೊನೆಯಲ್ಲಿ. ಮತ್ತೆ ಬಿಚ್ಚುವಾಗ ಒಂದು ಫಲಕ ತಂತಿಗೆ ಸಿಕ್ಕಿ ಹರಿಯಿತು. ನವೆಂಬರ್ 3ರಂದು ವೈದ್ಯರೂ ಆದ ಸ್ಕಾಟ್ ಪಾರಜಿನ್‌ಸ್ಕಿ, ಯಂತ್ರಬಾಹುವಿಗೆ ಇನ್ನೊಂದು ಕೋಲು ಸೇರಿಸಿ ಅದರ ತುದಿಯಲ್ಲಿ ನಿಂತು, ವಿದ್ಯುತ್ ಹರಿಯುತ್ತಿದ್ದ ಆ ಫಲಕಕ್ಕೆ ಒಳಗಿನವರು ತಂತಿ-ತಗಡಿನಿಂದ ಮಾಡಿಕೊಟ್ಟ ಐದು ಗುಂಡಿಗಳನ್ನು ಹಾಕಿ ಹೊಲಿದರು. ಡಗ್ಲಸ್ ವೀಲಾಕ್ ಬುಡದಲ್ಲಿ ನಿಂತು ತಂತಿ ಕತ್ತರಿಸಲು ನೆರವಾದರು. ಫಲಕ ನೆಟ್ಟಗೆ ನಿಂತಿತು. 2011ರಲ್ಲಿ ಷಟಲ್ ಯಾನಗಳೊಂದಿಗೆ ನಿಲ್ದಾಣದ ಮುಖ್ಯ ನಿರ್ಮಾಣ ಮುಗಿಯುವಷ್ಟರಲ್ಲಿ ಸುಮಾರು 160 ನಡಿಗೆಗಳು, ಸಾವಿರ ಗಂಟೆಗಳಷ್ಟು ಕೈಕೆಲಸ ನಡೆದಿತ್ತು.

ನಮ್ಮ ನಿಲ್ದಾಣ, ನಮ್ಮ ಕಣ್ಣು

ಈಗ ಸರದಿ ನಮ್ಮದು. 2024ರ ಡಿಸೆಂಬರ್ 30ರ ರಾತ್ರಿ ಪಿಎಸ್‌ಎಲ್‌ವಿ ರಾಕೆಟ್ ತಲಾ 220 ಕಿಲೋ ತೂಗುವ ಎರಡು ಉಪಗ್ರಹಗಳನ್ನು ಹೊತ್ತೊಯ್ದಿತು. ಬಾಹ್ಯಾಕಾಶದಲ್ಲಿ ಒಂದನ್ನೊಂದು ಹುಡುಕಿ ಕೂಡಿಕೊಳ್ಳುವ ‘ಸ್ಪೇಡೆಕ್ಸ್’ ಪ್ರಯೋಗ ಅದು. ಮೊದಲು ಗೊತ್ತುಮಾಡಿದ ದಿನಗಳು ಮುಂದೆ ಹೋದವು. ಜನವರಿ 12ರಂದು ಎರಡೂ 15 ಮೀಟರಿಗೆ, ಆಮೇಲೆ 3 ಮೀಟರಿಗೆ ಬಂದು ನಿಂತು, ಅಳೆದು, ಹಿಂದೆ ಸರಿದವು. 2025ರ ಜನವರಿ 16ರಂದು ಕೂಡಿಕೊಂಡವು. ನಿಯಂತ್ರಣ ನಡೆದದ್ದು ಬೆಂಗಳೂರಿನಿಂದ. ಅಮೆರಿಕ, ರಷ್ಯಾ, ಚೀನಾಗಳ ನಂತರ ಇದನ್ನು ಸಾಧಿಸಿದ ನಾಲ್ಕನೇ ದೇಶ ನಾವಾದೆವು. ಅದೇ ರಾಕೆಟ್ಟಿನ ಕೊನೆಯ ಹಂತದಲ್ಲಿಟ್ಟಿದ್ದ ಅಲಸಂದೆ ಬೀಜಗಳು ನಾಲ್ಕೇ ದಿನದಲ್ಲಿ ಮೊಳೆತವು. ಆ ವರ್ಷ ಜೂನ್-ಜುಲೈಯಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯದ ಮೊಳಕೆ ಪ್ರಯೋಗವೂ ಅಲ್ಲಿ ನಡೆಯಿತು.

ಐದು ಭಾಗಗಳ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಭಾಗವನ್ನು 2028ಕ್ಕೆ ಹಾರಿಸಿ, 2035ಕ್ಕೆ ಪೂರ್ಣಗೊಳಿಸುವುದು ಇಸ್ರೊ ಗುರಿ. ಗುರಿಯ ವರ್ಷ ಹಿಂದೆ ಮುಂದೆ ಆಗಬಹುದು. ಆದರೆ ಒಂದಲ್ಲ ಒಂದು ದಿನ ನಮ್ಮವರೊಬ್ಬರು ಆ ನಿಲ್ದಾಣದ ಬಾಗಿಲು ತೆರೆದು ಹೊರಬಂದು ಕೊಳವೆ ಬಿಗಿಯಲೇಬೇಕು. ಅಂದು ಏನಾಗಬೇಕು ಎಂಬುದನ್ನು ಈಗಲೇ ಕೇಳಬೇಕು.

ಆ ಆರೇಳು ಗಂಟೆಯನ್ನು ಪೂರ್ತಿ ತೋರಿಸಬೇಕು. ಚಪ್ಪಾಳೆಯ ಕ್ಷಣವಷ್ಟೇ ಸಾಲದು. ಸಿಕ್ಕಿಕೊಂಡ ತಂತಿ, ತೇಲಿಹೋದ ಕ್ಯಾಮೆರಾ, ಎರಡನೇ ಸಲವೂ ಕೂರದ ಬೋಲ್ಟು ಎಲ್ಲವೂ ಜನರಿಗೆ ಕಾಣಬೇಕು. ಅದನ್ನು ಕನ್ನಡದಲ್ಲಿ ವಿವರಿಸಬೇಕು, ಮಳವಳ್ಳಿಯ ಸರ್ಕಾರಿ ಶಾಲೆಯ ಹುಡುಗಿಗೆ ಅರ್ಥವಾಗುವ ಮಾತಿನಲ್ಲಿ. 2006ರಲ್ಲಿ ನಾಸಾ ತನ್ನ ತೊಡಕನ್ನು ಜಗತ್ತಿಗೆ ತೋರಿಸಿದ್ದರಿಂದ ಅದರ ಮಾನ ಕುಗ್ಗಲಿಲ್ಲ. ತೊಡಕನ್ನು ಬಿಡಿಸಿದ ಕೈಗಳನ್ನೂ ಜನ ಕಂಡರು, ಆ ಕೈಗಳಲ್ಲಿ ವಿಶ್ವಾಸ ಇಟ್ಟರು.

ಮಂಡ್ಯದ ಜನಕ್ಕೆ ಇಷ್ಟು ವಿವರ ಬೇಡ ಎನ್ನುವವರಿಗೆ ಈ ಜಿಲ್ಲೆಯ ಪರಿಚಯವಿಲ್ಲ. ಮುಂಗಾರು ಶುರುವಾದರೆ ಇಲ್ಲಿ ಪ್ರತಿ ಬೆಳಗ್ಗೆ ಪತ್ರಿಕೆ ಬಿಚ್ಚಿದವರು ಮೊದಲು ನೋಡುವುದು ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಭರ್ತಿ ಮಟ್ಟವಾದ 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ಟೀ ಅಂಗಡಿಯಲ್ಲಿ ಲೆಕ್ಕ ಹಾಕುತ್ತಾರೆ. ದಿನದಿನದ ಅಂಕಿಯನ್ನು ಹಿಡಿದು ದೊಡ್ಡದೊಂದು ವ್ಯವಸ್ಥೆಯನ್ನು ಹಿಂಬಾಲಿಸುವ ಅಭ್ಯಾಸ ಈ ಸೀಮೆಗೆ ತಲೆಮಾರುಗಳದ್ದು. ಇಂಥವರ ಮುಂದೆ ನೇರ ಪ್ರಸಾರ ಇಟ್ಟರೆ ಅವರು ಕೊನೆಯ ಬೋಲ್ಟಿನವರೆಗೂ ನೋಡುತ್ತಾರೆ, ತಪ್ಪಾದರೆ ಕೇಳುತ್ತಾರೆ, ಸರಿಯಾದರೆ ತಮ್ಮದೆಂದು ಕಾಯುತ್ತಾರೆ. ನಿಲ್ದಾಣವಾಗಲಿ ನದಿಯಾಗಲಿ, ಸಾರ್ವಜನಿಕ ಹಣದಿಂದ ನಡೆಯುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಭದ್ರತೆ ಬೇರೆ ಇಲ್ಲ.